ತಪ್ಪು ಮೂಲೆಗೆ ಅಂಟಿದ ಹಬ್ಬದ ಚೀಟಿ

ತಲುಪಿಸಲಾಗದ ಪತ್ರಗಳ ಶಾಖೆಯ ಮುಖ್ಯಸ್ಥರಿಗೆ,
ಅಂಚೆ ಕೇಂದ್ರ ಕಚೇರಿ, ರೇಕ್ಯಾವಿಕ್

ಮಾನ್ಯರೇ,

ನಿಮ್ಮ ಶಾಖೆಯ ಯಾವುದೋ ಕಪಾಟಿನಲ್ಲಿ ನನ್ನ ತಾಯಿಯ ಹೆಸರಿಗೆ ಬಂದ ಒಂದು ಕ್ರಿಸ್‌ಮಸ್ ಕಾರ್ಡ್ ಹೋದ ವರ್ಷದಿಂದ ಬಿದ್ದುಕೊಂಡಿದೆ. ಈ ತಿಂಗಳು ಮುಗಿಯುವುದರೊಳಗೆ ಅದನ್ನು ಒಡೆದು ನೋಡಿ, ಆಮೇಲೆ ನಾಶಮಾಡುತ್ತೀರಿ ಎಂದು ನೀವೇ ಲಿಖಿತವಾಗಿ ತಿಳಿಸಿದ್ದೀರಿ. ಒಡೆಯಬೇಡಿ. ನಾಶಮಾಡಬೇಡಿ. ತಲುಪಿಸಿ. ನನ್ನ ಅಹವಾಲು ಇಷ್ಟೇ, ಇದಕ್ಕೆ ಇಷ್ಟು ಉದ್ದದ ಪತ್ರ ಬೇಕಾಗಿರಲಿಲ್ಲ. ಆದರೆ ನಿಮಗೆ ಎರಡು ಸಲ ಚುಟುಕಾಗಿ ಬರೆದು ನೋಡಿದೆ, ಎರಡು ಸಲವೂ ನೀವು ನನಗೆ ನಿಯಮಾವಳಿಯ ಪಾಠ ಹೇಳಿದಿರಿ. ಅದಕ್ಕೇ ಈಗ ಊರಿಗೆಲ್ಲ ಕೇಳಿಸುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಯ ಪುಟದಲ್ಲಿ ಬರೆಯಲು ಸ್ಟಾಂಪ್ ಬೇಕಿಲ್ಲವೆಂಬುದು ಇನ್ನೊಂದು ಅನುಕೂಲ.

ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಉತ್ತರಗಳಲ್ಲಿ ನಾವೆಲ್ಲ 'ಸ್ವೀಕರಿಸುವವರು', 'ಕಳುಹಿಸಿದವರೆನ್ನಲಾದವರು' ಆಗಿಬಿಟ್ಟಿದ್ದೇವೆ, ನಮಗೆ ಹೆಸರುಗಳಿವೆ. ಕಾರ್ಡ್ ಬರಬೇಕಾಗಿದ್ದುದು ನನ್ನ ತಾಯಿ ಹಾಲ್ಬೇರಾಗೆ. ಹಾಕಿದವಳು ಅವಳ ಅಕ್ಕ, ನನ್ನ ದೊಡ್ಡಮ್ಮ ಸೋಲ್ರುನ್. ಇಬ್ಬರದೂ ಎಂಬತ್ತರ ಆಸುಪಾಸಿನ ವಯಸ್ಸು. ಇಬ್ಬರೂ ಹುಟ್ಟಿ ಬೆಳೆದು ಮದುವೆಯಾಗಿ ಮುದುಕಿಯರಾದದ್ದು ಸ್ವಾನೇರಿ ಎಂಬ ಇದೇ ಮೀನುಗಾರರ ಊರಿನಲ್ಲಿ. ಬಂದರಿನ ಈ ದಡದಲ್ಲಿ ಅಮ್ಮನ ಮನೆ, ಆ ದಡದಲ್ಲಿ ದೊಡ್ಡಮ್ಮನ ಮನೆ. ಗಾಳಿ ನಿಂತ ದಿನ ಒಬ್ಬಳು ಕೆಮ್ಮಿದರೆ ಇನ್ನೊಬ್ಬಳಿಗೆ ಕೇಳಿಸಬೇಕು, ಅಷ್ಟೇ ದೂರ. ಅಷ್ಟು ಹತ್ತಿರದಲ್ಲಿದ್ದೂ ಹನ್ನೊಂದು ವರ್ಷ ಅವರಿಬ್ಬರಿಗೆ ಮಾತಿರಲಿಲ್ಲ. ಅಜ್ಜಿಯನ್ನು ಮಣ್ಣು ಮಾಡಿ ಬಂದ ದಿನ ಊರಿನವರಿಗೆಲ್ಲ ಕಾಫಿ ಕೊಡಬೇಕಿತ್ತು. ದೊಡ್ಡಮ್ಮ ಅಂಗಡಿಯಿಂದ ಕೇಕು ತಂದಿಟ್ಟಳು. 'ಹೆತ್ತಮ್ಮನ ಕೊನೇ ಕಾಫಿಗೆ ಡಬ್ಬಿ ಕೇಕಾ?' ಎಂದು ಅಮ್ಮ ನಾಲ್ಕು ಜನರೆದುರು ಅಂದುಬಿಟ್ಟಳು. ದೊಡ್ಡಮ್ಮ ಕೋಟು ಹಾಕಿಕೊಂಡು ಹೋದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಮುನಿಸೇ ಎಂದು ನೀವು ನಗಬಹುದು, ನಗಿ. ಕಾರಣ ಸಣ್ಣದಿದ್ದಷ್ಟೂ ಸೋಲೊಪ್ಪುವುದು ಕಷ್ಟ ಎನ್ನುವುದು ಒಡಹುಟ್ಟಿದವರಿರುವ ಎಲ್ಲರಿಗೂ ಗೊತ್ತು.

ಮಾತು ನಿಂತರೂ ಒಂದು ಮಾತ್ರ ನಿಂತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲೂ ಅಕ್ಕ ತಂಗಿಗೆ, ತಂಗಿ ಅಕ್ಕನಿಗೆ ಒಂದೊಂದು ಕಾರ್ಡ್ ಹಾಕುತ್ತಿದ್ದರು. ಆಚೆ ದಡದಲ್ಲಿ ಡಬ್ಬಿಗೆ ಬಿದ್ದ ಕಾರ್ಡು ಗುಡ್ಡ ದಾಟಿ, ಅರ್ಧ ದೇಶ ಸುತ್ತಿ, ರಾಜಧಾನಿಯಲ್ಲಿ ನಿಮ್ಮ ಯಂತ್ರದ ಹೊಟ್ಟೆಯೊಳಗೆ ಹೊಕ್ಕು ಹೊರಬಿದ್ದು, ಮತ್ತೆ ಅದೇ ಗುಡ್ಡ ದಾಟಿ ಈಚೆ ದಡಕ್ಕೆ ಬರುತ್ತಿತ್ತು. ನಾನೇ ಒಮ್ಮೆ, 'ಕೊಡು ಅಮ್ಮಾ, ಹೋಗ್ತಾ ಕೊಟ್ಟು ಹೋಗ್ತೀನಿ' ಎಂದು ಕೈ ಚಾಚಿದ್ದೆ. 'ನೀನೇನು ಅಂಚೆಯವಳಾ? ಇದು ಅಂಚೇಲೇ ಹೋಗಬೇಕು' ಎಂದು ಕೈಗೆ ಬಡಿದಳು. ಕೈಯಲ್ಲಿ ಕೊಟ್ಟರೆ ಸೋತಂತೆ, ಅಂಚೆಯಲ್ಲಿ ಹೋದರೆ ಹಬ್ಬದ ಮರ್ಯಾದೆ. ಆ ಮರ್ಯಾದೆಯ ಹೆಸರಿನಲ್ಲೇ ಅವರಿಬ್ಬರ ಸಂಬಂಧ ಹನ್ನೊಂದು ವರ್ಷ ಜೀವ ಹಿಡಿದುಕೊಂಡಿತ್ತು. ಆ ಕೆಲಸಕ್ಕೆ ಅವರು ನಂಬಿದ್ದು ಪಾದ್ರಿಯನ್ನಲ್ಲ, ಮಗಳನ್ನಲ್ಲ, ನಿಮ್ಮನ್ನು.

ನಮ್ಮಲ್ಲಿ ಹಬ್ಬದ ಕಾರ್ಡನ್ನು ಬಂದ ಕೂಡಲೇ ಒಡೆಯುವುದಿಲ್ಲ ಎಂಬುದು ನಿಮಗೆ ಗೊತ್ತಿರಲೇಬೇಕು, ನಿಮ್ಮ ಮನೆಯಲ್ಲೂ ಅದೇ ಇದ್ದೀತು. ಬಂದದ್ದನ್ನೆಲ್ಲ ಬುಟ್ಟಿಗೆ ಹಾಕಿ ಇಡುತ್ತೇವೆ. ಇಪ್ಪತ್ನಾಲ್ಕರ ಸಂಜೆ ಹಬ್ಬದ ಗಂಟೆ ಬಾರಿಸಿ, ಊಟವಾಗಿ, ಪಾತ್ರೆ ತೊಳೆದು, ಉಡುಗೊರೆ ಬಿಚ್ಚಿ, ಕಾಫಿ ಬಗ್ಗಿಸಿಕೊಂಡು ಕೂತ ಮೇಲೆ ಒಂದೊಂದನ್ನೇ ತೆರೆದು ಗಟ್ಟಿಯಾಗಿ ಓದುತ್ತೇವೆ. ಹೊರಗೆ ಕಳಿಸಿದವರ ಹೆಸರು ಬರೆಯುವುದೂ ಇಲ್ಲ, ಬರೆದರೆ ಕಾಯುವ ಸುಖವೇ ಹೋಯಿತು. ಬೇರೆ ದೇಶಗಳಲ್ಲಿ ಕಾರ್ಡು ಬಂದ ತಕ್ಷಣ ಹರಿದು ಓದಿ ಗೋಡೆಗೆ ನೇತುಹಾಕುತ್ತಾರಂತೆ. ಅವರ ಪಾಲಿಗೆ ಸ್ಟಾಂಪ್ ಅಂದರೆ ಬರೀ ದಾರಿಖರ್ಚು. ನಮಗೆ ಹಾಗಲ್ಲ. ಮೂರು ವಾರ ಬಾಯಿ ಮುಚ್ಚಿಕೊಂಡು ಕೂತ ಲಕೋಟೆಯ ಮೈಮೇಲೆ ಮಾತಾಡುವುದು ಆ ಒಂದಿಂಚು ಚಿತ್ರ ಮಾತ್ರ. ಅದನ್ನು ನೋಡಿಯೇ ಇದು ಇಂಥವರದು ಎಂದು ಮಕ್ಕಳು ಪಂತ ಕಟ್ಟುತ್ತಾರೆ. ಚರ್ಚಿನ ಚಿತ್ರವಿದ್ದರೆ ಅತ್ತೆಯದು, ಹಕ್ಕಿಯಿದ್ದರೆ ಮೇಷ್ಟ್ರದು, ನಮ್ಮ ಹಬ್ಬದ ಕಥೆಗಳಲ್ಲಿ ಬೆಟ್ಟದಿಂದಿಳಿದು ಅಡುಗೆಮನೆಗೆ ನುಗ್ಗುವ ಹದಿಮೂರು ತುಂಟ ಮುದುಕರಲ್ಲಿ ಒಬ್ಬನಿದ್ದರೆ ಸಂಶಯವೇ ಇಲ್ಲದೆ ಸೋಲ್ರುನ್ ದೊಡ್ಡಮ್ಮನದು. ಆ ಪಾತ್ರೆ ನೆಕ್ಕುವವನೋ ಬಾಗಿಲು ಬಡಿಯುವವನೋ ಯಾವನೋ ಒಬ್ಬ ಕಂಡ ಕೂಡಲೇ ಅಮ್ಮನ ಮುಖ ಗಂಟಾಗುತ್ತಿತ್ತು. 'ದೇವರ ಹಬ್ಬಕ್ಕೆ ಕಳ್ಳರ ಚಿತ್ರ ಹಚ್ಚೋದು ಅವಳೊಬ್ಬಳೇ' ಎಂದು ಗೊಣಗಿ, ಆ ಲಕೋಟೆಯನ್ನೇ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದಳು. ಅದು ಬಂತೆಂದರೆ ಅಕ್ಕ ಇದ್ದಾಳೆ, ಇನ್ನೂ ನೆನೆಯುತ್ತಾಳೆ ಎಂದು ಅರ್ಥ. ಅಷ್ಟನ್ನು ತಿಳಿಯಲು ಒಡೆಯಬೇಕಾಗಿರಲಿಲ್ಲ.

ಹಬ್ಬದ ಸ್ಟಾಂಪಿನ ಚರಿತ್ರೆಯನ್ನು ಅಂಚೆಯವರಿಗೇ ಹೇಳುವ ಕಾಲ ಬಂತಲ್ಲ ಎಂಬ ಸಂಕಟದಿಂದಲೇ ಎರಡು ಮಾತು ಹೇಳುತ್ತೇನೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಕೆನಡಾದವರು ಒಂದು ಸ್ಟಾಂಪಿನ ಮೇಲೆ ಭೂಪಟ ಹಾಕಿ, ತಮ್ಮ ಸಾಮ್ರಾಜ್ಯ ಎಷ್ಟು ಅಗಲ ಎಂದು ಕೊಚ್ಚಿಕೊಂಡು, ಕೆಳಗೆ ಕ್ರಿಸ್‌ಮಸ್ ಎಂದು ಅಚ್ಚು ಹಾಕಿದರು. ಅದರಲ್ಲಿ ಹಬ್ಬಕ್ಕಿಂತ ಜಂಬವೇ ಹೆಚ್ಚಾಗಿತ್ತು. ಅದಾದ ಆರೇ ವರ್ಷಕ್ಕೆ ಕೋಪನ್‌ಹೇಗನ್ನಿನ ಒಬ್ಬ ಅಂಚೆ ಗುಮಾಸ್ತ ಬೇರೆಯದೇ ದಾರಿ ಹಿಡಿದ. ಡಿಸೆಂಬರಿನ ಕಾರ್ಡುಗಳ ರಾಶಿಯ ಮುಂದೆ ಕೂತವನಿಗೆ, ಇಷ್ಟು ಲಕೋಟೆಗಳ ಮೇಲೆ ಸ್ಟಾಂಪಿನ ಜೊತೆ ಇನ್ನೊಂದು ಚಿಕ್ಕ ಚೀಟಿ ಅಂಟಿದರೆ ಆ ದುಡ್ಡಿನಲ್ಲಿ ಕ್ಷಯ ಹಿಡಿದ ಮಕ್ಕಳಿಗೆ ಔಷಧಿ ಕೊಡಿಸಬಹುದಲ್ಲ ಎನಿಸಿತು. ಮೇಲಿನವರು ಒಪ್ಪಿದರು, ಜನ ಮುಗಿಬಿದ್ದು ಕೊಂಡರು, ಆಸ್ಪತ್ರೆ ಎದ್ದಿತು. ನೋಡಿ, ನಿಮ್ಮಂತೆಯೇ ಕಚೇರಿಯಲ್ಲಿ ಕೂತ ಮನುಷ್ಯ. ಅವನಿಗೂ ಮುಂದೆ ಇದ್ದದ್ದು ಕಾಗದದ ರಾಶಿಯೇ. ಅವನಿಗೆ ಆ ರಾಶಿಯಲ್ಲಿ ಮಕ್ಕಳು ಕಂಡರು. ನಿಮಗೇನು ಕಾಣುತ್ತದೆ ಎಂಬುದನ್ನು ನಿಮ್ಮ ಉತ್ತರಗಳೇ ಹೇಳುತ್ತವೆ.

ಆ ದೇಣಿಗೆ ಚೀಟಿ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. ರಾಜಧಾನಿಯ ಮಹಿಳಾ ಸಂಘದವರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದನ್ನು ಅಚ್ಚು ಹಾಕಿಸುತ್ತಿದ್ದಾರೆ, ನಮ್ಮ ಸ್ವಾನೇರಿಯ ಹೆಂಗಸರಿಗೂ ತಮ್ಮದೇ ಒಂದು ಚೀಟಿ ಇದೆ. ಅದಕ್ಕೆ ಅಂಚೆಯ ಬೆಲೆ ಇಲ್ಲ, ಲಕೋಟೆಯ ಬೆನ್ನಿಗೆ ಅಂಟಿಸುವುದು ರೂಢಿ. ನಿಜವಾದ ಹಬ್ಬದ ಸ್ಟಾಂಪನ್ನು ನಮ್ಮ ಅಂಚೆಯವರು ಹೊರಡಿಸಿದ್ದು ಬಹಳ ತಡವಾಗಿ, ನಾನು ಎರಡನೇ ಕ್ಲಾಸಿನಲ್ಲಿದ್ದಾಗ. ಹಬ್ಬಕ್ಕೆ ನಾವು ಎಲೆಯ ಚಿತ್ತಾರ ಕೊರೆದು ಕರಿಯುವ ಎಲೆರೊಟ್ಟಿಯ ಚಿತ್ರ ಅದರಲ್ಲಿತ್ತು. 'ತಿನ್ನೋ ರೊಟ್ಟೀನ ನೆಕ್ಕಿ ಅಂಟಿಸೋದಾ, ಥೂ' ಎಂದು ಅಮ್ಮ ಮೂಗು ಮುರಿದಳು. ದೊಡ್ಡಮ್ಮ ಅದನ್ನು ಕಸಿದುಕೊಂಡು ನಾಲಿಗೆಗೆ ಒತ್ತಿ, ಕಣ್ಣು ಮುಚ್ಚಿ, 'ಉಪ್ಪು ಸಾಲದು ಕಣೇ' ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಸ್ಟಾಂಪಿನಿಂದ ಇಷ್ಟು ಸಿಗುತ್ತಿತ್ತು ಸ್ವಾಮಿ. ಇದನ್ನು ನಿಮ್ಮ ಲಾಭ ನಷ್ಟದ ಲೆಕ್ಕದಲ್ಲಿ ಯಾವ ಕಾಲಮ್ಮಿಗೆ ಹಾಕುತ್ತೀರಿ?

ಆಮೇಲೆ ನೀವು ಒಂದೊಂದಾಗಿ ಮುಚ್ಚುತ್ತ ಬಂದಿರಿ. ಹೊಸ ಸ್ಟಾಂಪುಗಳನ್ನು ಇನ್ನು ಹೊರಡಿಸುವುದಿಲ್ಲ ಎಂದಿರಿ. ಊರಿನ ಅಂಚೆ ಕಚೇರಿಗೆ ಬೀಗ ಹಾಕಿ, ಪೆಟ್ರೋಲ್ ಬಂಕಿನ ಪಕ್ಕ ಪಾರ್ಸೆಲ್ಲು ಇಡುವ ಕಬ್ಬಿಣದ ಕಪಾಟು ನಿಲ್ಲಿಸಿದಿರಿ. ಅದರ ಉದ್ಘಾಟನೆಗೆ ಬಂದವರು 'ಸೇವೆ ಈಗ ಇನ್ನಷ್ಟು ಹತ್ತಿರ' ಎಂದು ಭಾಷಣ ಮಾಡಿ ಕೇಕು ತಿಂದು ಹೋದರು. ಹೋದ ವರ್ಷ ನವೆಂಬರಿನಲ್ಲಿ ದೊಡ್ಡಮ್ಮ ಎಂದಿನಂತೆ ಸ್ಟಾಂಪ್ ಕೊಳ್ಳಲು ಹೊರಟಳು. ಕೌಂಟರೇ ಇರಲಿಲ್ಲ. ಕೋಆಪರೇಟಿವ್ ಅಂಗಡಿಯಲ್ಲಿ ಹಾಲಿನ ಫ್ರಿಜ್ಜಿನ ಪಕ್ಕ ಮಹಿಳಾ ಸಂಘದವರು ದೇಣಿಗೆ ಚೀಟಿಯ ಹಾಳೆಗಳನ್ನು ಇಟ್ಟಿದ್ದರು. ಅಂಚಿಗೆ ಹಲ್ಲು, ಹಿಂದೆ ಗೋಂದು, ಮೇಲೆ ಇಸವಿ, ಕ್ರಿಸ್‌ಮಸ್ ಎಂಬ ಅಕ್ಷರ, ನಡುವೆ ಮೀನಿನ ದೋಣಿ. ಕಣ್ಣಿನ ಪೊರೆಗೆ ಆಪರೇಷನ್ ಬೇಡವೆಂದು ಹಟ ಹಿಡಿದ ಮುದುಕಿಗೆ ಅದು ಸ್ಟಾಂಪಲ್ಲದೆ ಇನ್ನೇನಾಗಿ ಕಂಡೀತು? ಆ ಜಾಗದಲ್ಲಿ ಒಬ್ಬ ಮನುಷ್ಯ ಕೂತಿದ್ದರೆ, 'ಅಜ್ಜೀ, ಅದು ಹಿಂದಕ್ಕೆ ಹಚ್ಚೋದು, ಮುಂದಕ್ಕೆ ಇದು' ಎಂದು ಹೇಳುತ್ತಿದ್ದ. ನಿಮ್ಮ ಕಬ್ಬಿಣದ ಕಪಾಟು ಏನೂ ಹೇಳಲಿಲ್ಲ.

ಹೀಗೆ ಹೋದ ಕ್ರಿಸ್‌ಮಸ್ಸಿಗೆ ಸೋಲ್ರುನ್ ದೊಡ್ಡಮ್ಮನ ಕಾರ್ಡ್ ಬರಲಿಲ್ಲ. ಡಿಸೆಂಬರ್ ನಡುವಿನಿಂದ ಕಾಗದ ಹಾಕುವ ಬಾಗಿಲ ಕಿಂಡಿ ಸದ್ದಾದಾಗಲೆಲ್ಲ ಅಮ್ಮ ಹೊಲಿಗೆ ಕೆಳಗಿಟ್ಟು ಎದ್ದು ಹೋಗುತ್ತಿದ್ದಳು. ಹಬ್ಬದ ಸಂಜೆ ನಾನು ಬುಟ್ಟಿಯ ಕಾರ್ಡುಗಳನ್ನೆಲ್ಲ ಓದಿ ಮುಗಿಸಿದೆ.

'ಇನ್ನೊಂದ್ಸಲ ನೋಡು. ಒಂದಕ್ಕೊಂದು ಅಂಟ್ಕೊಂಡಿರತ್ತೆ' ಅಂದಳು.

ನೋಡಿದೆ. ಬುಟ್ಟಿ ಬೋರಲು ಹಾಕಿದೆ.

'ಇಲ್ಲಮ್ಮ.'

'ಸರಿ ಬಿಡು. ಹಾಗಾದ್ರೆ ಮುಗೀತು.'

ಎದ್ದು ಹೋಗಿ ಬಂದರಿನ ಕಡೆಯ ಅಡುಗೆಮನೆ ಕಿಟಕಿಗೆ ಪರದೆ ಎಳೆದಳು. ಆ ಕಿಟಕಿಯಿಂದ ಅಕ್ಕನ ಮನೆಯ ದೀಪ ಕಾಣುತ್ತದೆ. ಆಚೆ ದಡದಲ್ಲಿ ದೊಡ್ಡಮ್ಮ, ಮನೆಯಲ್ಲಿ ಉಳಿದಿದ್ದ ಹಳೆಯ ಸ್ಟಾಂಪ್ ಹಚ್ಚಿ ಅಮ್ಮ ಹಾಕಿದ್ದ ಕಾರ್ಡನ್ನು ತೆರೆದು ಓದಿ, ತನ್ನದನ್ನೂ ತಂಗಿ ಈಗ ಓದುತ್ತಿರಬೇಕು ಅಂದುಕೊಂಡು ಮಲಗಿದಳಂತೆ. ಇಬ್ಬರ ನಡುವೆ ಇದ್ದ ಒಂದೇ ಒಂದು ದಾರ ಹೀಗೆ ಹರಿಯಿತು. ಹರಿದದ್ದು ಅವರಲ್ಲ.

ವಿಷಯ ಗೊತ್ತಾದದ್ದು ಮಾರ್ಚಿನಲ್ಲಿ. ನಾನು ಊರಿನ ಈಜುಕೊಳ ನೋಡಿಕೊಳ್ಳುವವಳು. ಊರಿನ ಸತ್ಯವೆಲ್ಲ ಹೊರಬೀಳುವುದು ಅಲ್ಲಿನ ಬಿಸಿನೀರಿನ ತೊಟ್ಟಿಯಲ್ಲಿ, ಕತ್ತಿನವರೆಗೆ ನೀರಿನಲ್ಲಿ ಕೂತ ಜನ ಏನನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ. ಮಹಿಳಾ ಸಂಘದ ಯೋಫ್ರಿದುರ್ ನಗುತ್ತ, 'ನಿಮ್ಮ ದೊಡ್ಡಮ್ಮ ಈ ಸಲ ನಮ್ಮ ಚೀಟಿ ಒಂದಿಡೀ ಹಾಳೆ ತಗೊಂಡ್ರು ಕಣೇ. ಈಗಿನ ಸ್ಟಾಂಪ್ ಎಷ್ಟು ಚೆನ್ನಾಗಿ ಮಾಡ್ತಾರಲ್ಲೇ ಅಂದ್ರು. ನಾನು ತಮಾಷೆಗೆ ಅಂದ್ರು ಅಂದ್ಕೊಂಡೆ' ಎಂದಳು. ಅದೇ ತೊಟ್ಟಿಯಲ್ಲಿ ಕೂತಿದ್ದ ಪಾದ್ರಿ ಸ್ಟೇನ್‌ಥೋರ್ ಅವರ ನಗು ಅಲ್ಲೇ ನಿಂತಿತು. ಅವರಿಗೂ ಒಂದು ಕಾರ್ಡ್ ತಡೆಹಿಡಿದಿದ್ದಾರೆಂದು ಜನವರಿಯಲ್ಲಿ ಕಂಪ್ಯೂಟರಿನಲ್ಲಿ ಸೂಚನೆ ಬಂದು, ಶುಲ್ಕ ಕಟ್ಟಿ ಬಿಡಿಸಿಕೊಂಡಿದ್ದರಂತೆ. ಮೈ ಒರೆಸಿಕೊಂಡವರೇ ಮನೆಗೆ ಹೋಗಿ ಆ ಲಕೋಟೆ ತಂದು ತೋರಿಸಿದರು. ದೊಡ್ಡಮ್ಮನ ಕೈಬರಹ. ಸ್ಟಾಂಪಿರಬೇಕಾದ ಬಲ ಮೂಲೆಯಲ್ಲಿ ನೆಟ್ಟಗೆ ಅಂಟಿಸಿದ ಮೀನಿನ ದೋಣಿ.

ಅಮ್ಮನ ಹೆಸರಿಗೂ ಅಂಥ ಸೂಚನೆ ಬಂದಿರಲೇಬೇಕು. ಬಂದಿತ್ತು. ಸರ್ಕಾರ ಪ್ರತಿಯೊಬ್ಬರಿಗೂ ತೆರೆದುಕೊಟ್ಟಿರುವ ಕಂಪ್ಯೂಟರ್ ಅಂಚೆಪೆಟ್ಟಿಗೆ ತನಗೂ ಒಂದಿದೆ ಎಂಬುದೇ ಅಮ್ಮನಿಗೆ ಗೊತ್ತಿರಲಿಲ್ಲ. ಕಾಗದದ ಕಿಂಡಿಯ ಮುಂದೆ ದಿನಾ ನಿಂತ ಹೆಂಗಸಿಗೆ, ಆ ಕಾಗದ ಬಂದಿಲ್ಲವೆಂಬ ಸುದ್ದಿಯನ್ನು ಆ ಕಿಂಡಿಯೊಂದನ್ನು ಬಿಟ್ಟು ಬೇರೆ ಕಡೆಯಿಂದ ಕಳಿಸುವ ಬುದ್ಧಿ ಯಾರಿಗೆ ಹೊಳೆಯಿತೋ, ಅವರಿಗೆ ಬಡ್ತಿ ಸಿಕ್ಕಿರಬೇಕು. ನಾನು ನೋಡುವ ಹೊತ್ತಿಗೆ ಶುಲ್ಕ ಕಟ್ಟುವ ಗಡುವು ಮುಗಿದಿತ್ತು. ನಿಮಗೆ ಬರೆದೆ. ನೀವು ಉತ್ತರಿಸಿದಿರಿ: 'ಗಡುವಿನ ನಂತರ ಸ್ವೀಕರಿಸುವವರ ಹಕ್ಕು ರದ್ದಾಗುತ್ತದೆ. ಕಳುಹಿಸಿದವರು ಖುದ್ದಾಗಿ ಹಾಜರಾಗಿ ಗುರುತು ರುಜುವಾತುಪಡಿಸಿ ಹಿಂಪಡೆಯಬಹುದು. ತಪ್ಪಿದಲ್ಲಿ ವರ್ಷಾಂತ್ಯದ ವಿಲೇವಾರಿಯಲ್ಲಿ ಸದರಿ ವಸ್ತುವನ್ನು ತೆರೆದು ಪರಿಶೀಲಿಸಿ ನಾಶಪಡಿಸಲಾಗುವುದು.' ಹೊಸ ಕಾರ್ಡುಗಳಿಗೆ ಜಾಗ ಬೇಕಲ್ಲವೇ, ಅದಕ್ಕೇ ಡಿಸೆಂಬರಿನಲ್ಲಿ ಹಳೆಯ ಕಾರ್ಡುಗಳ ವಿಲೇವಾರಿ. ವ್ಯವಸ್ಥೆ ಎಂದರೆ ಹೀಗಿರಬೇಕು.

ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪಾದ್ರಿಯ ಲಕೋಟೆ ತೋರಿಸಿದೆ.

'ಇದು ಪಾದ್ರಿಗಳದು. ನನ್ನದೆಲ್ಲಿ?'

'ರೇಕ್ಯಾವಿಕ್‌ನಲ್ಲಿ ಇಟ್ಕೊಂಡಿದಾರಮ್ಮ.'

'ಅವಳು ಹೇಳಿಕೊಟ್ಟಿದ್ದನ್ನ ನೀನು ಹೇಳ್ಬೇಡ. ಬಂದಿದ್ರೆ ಈ ಮನೇಲಿ ಇರ್ತಿತ್ತು. ಇಲ್ಲ. ಅಂದ್ರೆ ಬಂದಿಲ್ಲ.'

ಆಚೆ ದಡದಲ್ಲಿ ಇನ್ನೊಂದು ಬಂಡೆ. ರೇಕ್ಯಾವಿಕ್‌ಗೆ ಹೋಗಿ ಬಿಡಿಸಿಕೊಂಡು ಬರೋಣ, ಇಲ್ಲವೇ ಇನ್ನೊಂದು ಕಾರ್ಡ್ ಬರೆದುಕೊಡು, ಸ್ಟಾಂಪ್ ನಾನು ಹುಡುಕಿ ತರುತ್ತೇನೆ ಎಂದರೆ ದೊಡ್ಡಮ್ಮ ಎರಡಕ್ಕೂ ಹುಬ್ಬೇರಿಸಿದಳು. 'ಎರಡನೇ ಸಲ ಯಾಕೆ ಬರೀಲಿ? ನಾನು ಹಾಕಿದೀನಿ. ಬಂದಿಲ್ಲ ಅನ್ನೋದು ಅವಳ ಹಣೆಬರಹ.' ಒಳಗೆ ಏನು ಬರೆದಿದ್ದೆ ಎಂದು ಕೇಳಿದೆ. 'ಏನು ಬರೀತಾರೆ? ಹಬ್ಬದ ಶುಭಾಶಯ, ಬರೋ ವರ್ಷ ಒಳ್ಳೇದಾಗ್ಲಿ, ಕಳೆದ ವರ್ಷಗಳಿಗೆ ಥ್ಯಾಂಕ್ಸು. ಪ್ರತಿ ವರ್ಷದ್ದೇ.' ದಯವಿಟ್ಟು ಗಮನಿಸಿ: ನೀವು ಒಡೆದು ಪರಿಶೀಲಿಸಲಿರುವುದು ಇಷ್ಟನ್ನೇ. ದೇಶದ ಎಲ್ಲ ಕಾರ್ಡುಗಳಲ್ಲೂ ಇರುವ ಮೂರು ಸಾಲು. ಅದರಲ್ಲಿ ನಿಮ್ಮ ಸಿಬ್ಬಂದಿಗೆ ಓದಲು ಏನೂ ಇಲ್ಲ. ಅದನ್ನು ಒಡೆಯುವ ಹಕ್ಕು ಒಬ್ಬಳಿಗೆ ಮಾತ್ರ ಇದೆ, ಬೇರೆ ಯಾರು ಒಡೆದರೂ ಆಮೇಲೆ ಉಳಿಯುವುದು ಹರಿದ ಕಾಗದ.

ಸೆಪ್ಟೆಂಬರಿನಲ್ಲಿ ದೊಡ್ಡಮ್ಮ ಕುಸಿದು ಬಿದ್ದಳು. ಈಗ ಗುಡ್ಡದಾಚೆಯ ಈಸಾಫ್ಯೋರ್ದುರ್ ಪಟ್ಟಣದ ಆಸ್ಪತ್ರೆಯಲ್ಲಿದ್ದಾಳೆ. ಮೇದೋಜೀರಕದಲ್ಲಿ ಗಡ್ಡೆ. ಡಾಕ್ಟರು ನನ್ನನ್ನು ಹೊರಗೆ ಕರೆದು, 'ಹಬ್ಬ ಕಾಣಬಹುದು. ಅದರಾಚೆಗೆ ನಾನು ಮಾತು ಕೊಡಲಾರೆ' ಎಂದರು. ಬೇರೆ ಯಾರಾದರೂ ಆಗಿದ್ದರೆ ತಂಗಿ ಅವತ್ತೇ ಓಡಿ ಹೋಗುತ್ತಿದ್ದಳು. ನನ್ನ ತಾಯಿ ಹೋಗಲಿಲ್ಲ. 'ಅವಳು ನನ್ನನ್ನ ಬಿಟ್ಟಳು. ಬಿಟ್ಟವಳ ಹಾಸಿಗೆ ಪಕ್ಕ ಹೋಗಿ ನಾನ್ಯಾಕೆ ಕೂರಲಿ? ಕಾರ್ಡ್ ತೋರಿಸು, ಹೋಗ್ತೀನಿ' ಎಂದಳು. ಹಾಗೆಂದವಳೇ ಅಡುಗೆಮನೆ ಕಿಟಕಿಯ ಪರದೆ ಸರಿಸಿ, ದೀಪವಿಲ್ಲದ ಅಕ್ಕನ ಮನೆಯ ಕಡೆ ನೋಡುತ್ತ ನಿಂತಳು. ಕೋಪಕ್ಕೆ ನಿಂತದ್ದಲ್ಲ ಎಂಬುದು ನನಗೆ ಗೊತ್ತು, ಅವಳಿಗೂ ಗೊತ್ತು. ನನಗೆ ಆ ದಿನಗಳಲ್ಲಿ ಅಮ್ಮನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬೆಳಿಗ್ಗೆ ಫೋನ್ ರಿಂಗಾದರೆ ಇದೇ ಆ ಸುದ್ದಿ ಎಂದುಕೊಂಡೇ ಎತ್ತುತ್ತಿದ್ದೆ. ಇಬ್ಬರೂ ಸಾಯುವ ತನಕ ಹಟ ಬಿಡುವುದಿಲ್ಲ, ಒಬ್ಬಳು ಹೋದ ಮೇಲೆ ಇನ್ನೊಬ್ಬಳು ಆ ಹಟವನ್ನೇ ಕಚ್ಚಿಕೊಂಡು ಉಳಿದ ದಿನವೆಲ್ಲ ಅಳುತ್ತಾಳೆ, ಇದೆಲ್ಲ ನನ್ನ ಕಣ್ಣೆದುರೇ ಆ ಕಪಾಟಿನಲ್ಲಿರುವ ಒಂದು ಲಕೋಟೆಗಾಗಿ ಆಗಿಹೋಗುತ್ತದೆ ಎನಿಸುತ್ತಿತ್ತು.

ಹಾಗಾಗಿ ನಿಮಗೆ ಎರಡನೇ ಸಲ ಬರೆದೆ. ದೊಡ್ಡಮ್ಮ ಹಾಸಿಗೆಯಲ್ಲೇ ಸಹಿ ಮಾಡಿದ ಹೇಳಿಕೆ ಲಗತ್ತಿಸಿದೆ, ಪಾದ್ರಿಗಳ ಲಕೋಟೆಯ ಫೋಟೊ ಲಗತ್ತಿಸಿದೆ, ಆಕೆ ಎದ್ದು ಬರುವ ಸ್ಥಿತಿಯಲ್ಲಿಲ್ಲವೆಂದು ಡಾಕ್ಟರ ಪತ್ರವನ್ನೂ ಲಗತ್ತಿಸಿದೆ. ಹೋದ ವಾರ ನಿಮ್ಮ ಉತ್ತರ ಬಂತು. ಕಾಗದದಲ್ಲೇ ಬಂತು, ಕಿಂಡಿಯ ಮೂಲಕವೇ ಬಂತು, ನಾನು ಅಮ್ಮನ ಮನೆಯ ವಿಳಾಸ ಕೊಟ್ಟಿದ್ದರಿಂದ ಅಮ್ಮನ ಕೈಗೇ ಬಂತು. ಅವಳೇ ಒಡೆದು, ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. 'ಸದರಿ ಮಹಿಳೆಯ ಹೇಳಿಕೆಯನ್ನು ನಿಜವೆಂದು ಪರಿಗಣಿಸಲು ಆಧಾರಗಳಿಲ್ಲ. ಹಬ್ಬದ ಸಂದರ್ಭದಲ್ಲಿ ಇಂತಹ ಸುಳ್ಳು ಕೋರಿಕೆಗಳು ಸಾಮಾನ್ಯವೆಂದು ಶಾಖೆಯ ಅನುಭವ.'

'ಸದರಿ ಮಹಿಳೆ ಅಂದ್ರೆ ಯಾರು?' ಎಂದು ಕೇಳಿದಳು.

'ದೊಡ್ಡಮ್ಮ.'

'ನಮ್ಮ ಸೋಲ್ರುನ್ನಾ?'

'ಹೂಂ.'

ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಕಾಗದವನ್ನು ಮೇಜಿಗೆ ಬಡಿದಳು. 'ಸುಳ್ಳಿ ಅಂತಾನಾ ಅವಳನ್ನ? ಬಾಯಿಬಡಕಿ ಅನ್ಲಿ, ಒಪ್ಕೋತೀನಿ. ಜಂಬದ ಕೋಳಿ ಅನ್ಲಿ, ನಾನೇ ಸಾವಿರ ಸಲ ಅಂದಿದೀನಿ. ಸುಳ್ಳಿ ಅನ್ನಕ್ಕೆ ಇವನ್ಯಾರು? ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದವಳಲ್ಲ ಅವಳು. ಹೇಳಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಅವಳು ಹಾಕಿದೀನಿ ಅಂದ್ರೆ ಹಾಕಿದಾಳೆ ಅಂತಲೇ!'

'ಅಮ್ಮಾ, ನಾನೂ ಮಾರ್ಚಿಂದ ಅದನ್ನೇ ಅಲ್ವಾ ಹೇಳ್ತಿರೋದು?'

'ನೀನು ಹೇಳ್ದೆ. ಆದ್ರೆ ಅವಳು ಸುಳ್ಳು ಹೇಳ್ತಿದಾಳೆ ಅಂತ ಯಾರೂ ಹೇಳಿರ್ಲಿಲ್ಲ. ಗಾಡಿ ತೆಗಿ.'

'ಹೊರಗೆ ಹಿಮ ಬೀಳ್ತಿದೆ. ಗುಡ್ಡದ ದಾರಿ ಯಾವಾಗ ಮುಚ್ಚತ್ತೋ ಗೊತ್ತಿಲ್ಲ.'

'ಮುಚ್ಚೋದ್ರೊಳಗೆ ತೆಗಿ.'

ಗುಡ್ಡದ ಮೇಲೆ ಎರಡು ಮಾರು ದೂರದ್ದೂ ಕಾಣುತ್ತಿರಲಿಲ್ಲ. ಹಿಮ ತೆಗೆಯುವ ಗಾಡಿಯ ಹಿಂಬದಿಯ ದೀಪಕ್ಕೆ ಕಣ್ಣು ನೆಟ್ಟು ಓಡಿಸಿದೆ. ಅಮ್ಮ ದಾರಿಯುದ್ದಕ್ಕೂ ನಿಮ್ಮನ್ನು ಬೈಯುತ್ತಿದ್ದಳು. ಬಯ್ಗುಳಗಳನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಒಮ್ಮೆ ಸುಮ್ಮನಾಗಿ, 'ಇದಾಳೆ ತಾನೇ?' ಎಂದು ಕೇಳಿದಳು. ಬೆಳಿಗ್ಗೆ ಫೋನ್ ಮಾಡಿದ್ದೆ, ಇದ್ದಾಳೆ ಎಂದೆ. 'ಬೆಳಿಗ್ಗೆ ಇದ್ಲು' ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆ ಹೊತ್ತಿನ ಭಯ ಇನ್ಯಾರಿಗೂ ಬೇಡ.

ಇದ್ದಳು. ಎಲುಬಿನ ಗೂಡಾಗಿದ್ದಳು, ಆದರೆ ಇದ್ದಳು. ಬಾಗಿಲಲ್ಲಿ ನಿಂತ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, 'ಬಂತಾ ಕಾರ್ಡು?' ಅಂದಳು.

'ಇಲ್ಲ. ನಾನೇ ಬಂದೆ' ಅಂದಳು ಅಮ್ಮ.

ಇಬ್ಬರೂ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಆಮೇಲೆ ಅಮ್ಮ ಹೋಗಿ ಅಕ್ಕನ ತಲೆ ಎತ್ತಿ, 'ದಿಂಬು ಹೀಗಾ ಇಡೋದು? ಇಲ್ಲಿನವರಿಗೆ ಕೈ ಇದೆಯೋ ಕಾಲಿದೆಯೋ' ಎಂದು ಗದರಿಸುತ್ತ ಸರಿಮಾಡಿದಳು. 'ನೀನು ಬಂದು ಹಾಳುಮಾಡೋವರ್ಗೂ ಸರಿಯಾಗೇ ಇತ್ತು' ಎಂದು ದೊಡ್ಡಮ್ಮ ಕಣ್ಣೀರು ಸುರಿಸುತ್ತಲೇ ಜಗಳಕ್ಕೆ ನಿಂತಳು. ಹನ್ನೊಂದು ವರ್ಷದ ಬಾಕಿಯನ್ನೆಲ್ಲ ಅವರು ಆ ಮಧ್ಯಾಹ್ನವೇ ತೀರಿಸಿಕೊಳ್ಳಲು ಹೊರಟಂತಿತ್ತು. ನರ್ಸ್ ಎರಡು ಸಲ ಬಂದು ಸದ್ದು ಕಡಿಮೆ ಮಾಡಿ ಎಂದಳು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ಕೂತು ಅತ್ತೆ. ನಾಚಿಕೆಯೇನಿಲ್ಲ, ಚೆನ್ನಾಗಿ ಅತ್ತೆ.

ಈಗ ನೀವು, ಸಮಸ್ಯೆ ಬಗೆಹರಿಯಿತಲ್ಲ, ಕಾರ್ಡ್ ಇನ್ನೇಕೆ ಎಂದು ಕೇಳಬಹುದು. ನಿಮ್ಮ ಶಾಖೆಯ ಅವಮಾನದಿಂದಲೇ ಅಕ್ಕ ತಂಗಿ ಒಂದಾದರು ಎಂದು ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಲೂಬಹುದು. ಸೇರಿಸಿಕೊಳ್ಳಿ, ಆದರೆ ಕಾರ್ಡ್ ಬೇಕು. ಹಾಕಿದ ಕಾಗದ ತಲುಪಬೇಕು, ಅಂಚೆ ಎಂಬ ಮಾತಿಗೆ ಬೇರೆ ಅರ್ಥವಿದ್ದರೆ ತಿಳಿಸಿ. ಒಬ್ಬ ಹೆಂಗಸು ಸಾಯುವ ಮುಂಚೆ ತಾನು ಸುಳ್ಳಿಯಲ್ಲ ಎಂಬುದನ್ನು ತನ್ನ ತಂಗಿಯ ಕೈಯಲ್ಲಿ ಕಾಣಬೇಕು. ತಂಗಿ ನಂಬಿದ್ದಾಳೆ, ನಿಜ. ನೀವು ಇನ್ನೂ ನಂಬಿಲ್ಲ. ಸ್ಟಾಂಪ್ ಸಾಲದಿದ್ದರೆ, ಈ ಪತ್ರದ ಒಂದು ಪ್ರತಿಯ ಜೊತೆ ನಿಮ್ಮ ಕಚೇರಿಗೆ ಹಳೆಯ ಹಬ್ಬದ ಸ್ಟಾಂಪ್ ಕಳಿಸಿದ್ದೇನೆ, ಯಾರಾದರೂ ಒಬ್ಬರು ನೆಕ್ಕಿ ಅಂಟಿಸಿ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ, ನಿಯಮ ಬರೆದವರ ಮನೆಗೆ ಹೋಗಿ, ಹಬ್ಬದ ಸಂಜೆ ಅವರ ಬುಟ್ಟಿಯಲ್ಲಿ ಎಷ್ಟು ಕಾರ್ಡುಗಳು ಒಡೆಯದೆ ಕಾದಿವೆ ನೋಡಿ ಬನ್ನಿ. ಪಾರ್ಸೆಲ್ಲಿನ ಗಾಡಿ ಪ್ರತಿದಿನ ಗುಡ್ಡ ದಾಟಿ ಬರುತ್ತದೆ, ಅದರಲ್ಲಿ ಒಂದು ಲಕೋಟೆಗೆ ಜಾಗವಿಲ್ಲವೆಂದು ದಯವಿಟ್ಟು ಹೇಳಬೇಡಿ.

ತಲುಪಿಸುವಾಗ ಒಂದನ್ನು ಗಮನಿಸಬೇಕು. ಸ್ವೀಕರಿಸುವವರ ವಿಳಾಸ ಬದಲಾಗಿದೆ, ನಿಮ್ಮ ದಾಖಲೆಯಲ್ಲಿ ತಿದ್ದಿಕೊಳ್ಳಿ. ಹಾಲ್ಬೇರಾ, ಈಸಾಫ್ಯೋರ್ದುರ್ ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆಯ ಬಲಕ್ಕಿರುವ ಕುರ್ಚಿ. ಹಬ್ಬದ ಸಂಜೆ ಅವಳು ಅಲ್ಲೇ ಇರುತ್ತಾಳೆ, ಮನೆಗೆ ಬರುವುದಿಲ್ಲ ಎಂದು ಹೇಳಿಯಾಗಿದೆ. ಈ ಸಲ ಕಾರ್ಡನ್ನು ಓದಿ ಹೇಳುವ ಕೆಲಸ ನನ್ನದಲ್ಲವಂತೆ. ತಂಗಿ ಒಡೆದುಕೊಟ್ಟರೆ ಬರೆದವಳೇ ಓದುತ್ತಾಳಂತೆ. ದೊಡ್ಡಮ್ಮನಿಗೆ ಈಗ ಶಕ್ತಿ ಉಳಿದಿಲ್ಲ, ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಆ ಮೂರು ಸಾಲಿಗಾಗಿ ಅವಳು ನಿನ್ನೆಯಿಂದಲೇ ಮಾತು ನಿಲ್ಲಿಸಿದ್ದಾಳೆ.

ಇಂತಿ,
ನಿಮ್ಮ ಕಡತದಲ್ಲಿ 'ಪ್ರಕರಣಕ್ಕೆ ಸಂಬಂಧಪಡದ ಮೂರನೇ ವ್ಯಕ್ತಿ' ಎಂದು ನಮೂದಾಗಿರುವ,
ಒಬ್ಬಳ ಮಗಳು, ಇನ್ನೊಬ್ಬಳಿಗೂ ಮಗಳೇ ಆದ,
ಆಸ್ದಿಸ್
ಈಜುಕೊಳ, ಸ್ವಾನೇರಿ